ಶಿವನ ರಕ್ಷೆ ಯಾವ ಬಗೆಯದು?

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಬಾಳಿನ ಅನಿಶ್ಚಯತೆಯ ನಡುವೆ ಶಿವನ ರಕ್ಷೆಯನ್ನು ನಂಬಿ ನಡೆವುದು ಹೇಗೆಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ಪಾಠಶಾಲೆಯಲ್ಲಿ ಓದಿ, ಓದಿದುದನ್ನೇ ಮರಳಿ ಓದಿಸುತ್ತ ಬಂದ ನನ್ನಂಥವನಿಗೆ ಈ ವಿಷಯವು ಸುಲಭವಾದುದಲ್ಲ. ಏಕೆಂದರೆ ಇದೇ ವಿಷಯದಲ್ಲಿ ಒಮ್ಮೆ ನಾನು ಸೋತವನು. ಆ ಸೋಲನ್ನು ಮೊದಲು ತಮ್ಮಲ್ಲಿ ಅರಿಕೆ ಮಾಡಿಕೊಂಡು ಬಳಿಕ ಮುಂದುವರಿಯುತ್ತೇನೆ.

2021ನೆಯ ಇಸವಿಯ ಬೇಸಗೆಯಲ್ಲಿ ಕೊರೋನಾ ವ್ಯಾಧಿಯ ಎರಡನೆಯ ಅಲೆಯು ನಾಡನ್ನೆಲ್ಲ ಆವರಿಸಿದ್ದುದನ್ನು ತಾವಾರೂ ಮರೆತಿರಲಾರಿರಿ. ಆ ದಿನಗಳಲ್ಲಿ ಮಠದ ಭಕ್ತೆಯಾದ ಒಬ್ಬ ತಾಯಿಯು ತನ್ನ ಪ್ರಾಯದ ಮಗನನ್ನು ಕಳೆದುಕೊಂಡಳು. ಕೆಲವು ವಾರಗಳು ಕಳೆದ ಮೇಲೆ ಆಕೆ ಬಂದು ನನ್ನ ಮುಂದೆ ಕುಳಿತಳು. ಒಂದು ದಿನವಾದರೂ ಲಿಂಗಪೂಜೆಯನ್ನು ತಪ್ಪಿಸದೆ, ವಿಭೂತಿಯಿಲ್ಲದ ಹಣೆಯಲ್ಲಿ ಮನೆಯ ಹೊಸ್ತಿಲನ್ನು ದಾಟದೆ ಬಾಳಿದ ತನ್ನ ಮಗನನ್ನು ಶಿವನು ಏಕೆ ಕಾಯಲಿಲ್ಲವೆಂದು ಕೇಳಿದಳು. ನಾನು ಪ್ರಾರಬ್ಧದ ಮಾತನ್ನೆತ್ತಿದೆನು. ಶಾಸ್ತ್ರವಾಕ್ಯಗಳನ್ನು ಹೇಳಿ ಅರ್ಥವನ್ನೂ ವಿವರಿಸಿದೆನು. ಆಕೆ ಎಲ್ಲವನ್ನೂ ಕೇಳಿ, ಕೈಮುಗಿದು, ಮಾತಿಲ್ಲದೆ ಎದ್ದುಹೋದಳು. ನಾನು ಹೇಳಿದುದು ಶಾಸ್ತ್ರವಿರುದ್ಧವಾಗಿರಲಿಲ್ಲ. ಆದರೆ ಅದು ಉತ್ತರವೂ ಆಗಿರಲಿಲ್ಲ. ಹಸಿದು ಬಂದವಳಿಗೆ ಅನ್ನವಿಕ್ಕದೆ ಅಡುಗೆಯ ಕ್ರಮವನ್ನು ಬೋಧಿಸಿದಂತಾಯಿತು. ಆ ಸಂಜೆ ಪೂಜೆಗೆ ಕುಳಿತಾಗ ನನ್ನ ಅಂಗೈ ಲಿಂಗವನ್ನು ಹಿಡಿದಿತ್ತಲ್ಲದೆ ಮನಸ್ಸು ಅಲ್ಲಿರಲಿಲ್ಲ.

ಅಂದಿನಿಂದ ನಾನು ನಮ್ಮ ಧರ್ಮದ ಮೊದಲ ಪಾಠವನ್ನೇ ಮತ್ತೆ ಓದತೊಡಗಿದೆನು. ಅಷ್ಟಾವರಣವೆಂದು ನಾವು ನಿತ್ಯವೂ ನುಡಿಯುತ್ತೇವೆ. ಆವರಣವೆಂದರೆ ಸುತ್ತಲೂ ಇರುವ ಕಾಪು, ಕವಚ. ಗುರು, ಲಿಂಗ, ಜಂಗಮಗಳು ಪೂಜ್ಯವಾದುವು. ವಿಭೂತಿ, ರುದ್ರಾಕ್ಷಿ, ಮಂತ್ರಗಳು ಪೂಜಾಸಾಧನಗಳು. ಪಾದೋದಕ, ಪ್ರಸಾದಗಳು ಪೂಜಾಫಲಗಳು. ಇದನ್ನು ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆನು. ಆದರೆ ಫಲವೆಂದು ಹೇಳಿದ ಕಡೆಯಲ್ಲಿ ದೀರ್ಘಾಯುಸ್ಸೆಂದಾಗಲಿ, ಧನಧಾನ್ಯವೆಂದಾಗಲಿ, ರೋಗವಿಲ್ಲದ ಶರೀರವೆಂದಾಗಲಿ ಹಿರಿಯರು ಹೇಳದೆ, ಪ್ರಸಾದವೆಂದು ಮಾತ್ರವೇ ಏಕೆ ಹೇಳಿದರೆಂಬುದನ್ನು ನಾನು ಯೋಚಿಸಿರಲಿಲ್ಲ. ಪ್ರಸಾದವೆಂದರೆ ಪ್ರಸನ್ನತೆ; ಕದಡಿದ ನೀರು ತಿಳಿಯಾಗುವುದು. ಆದುದರಿಂದ ಈ ಕವಚವು ಸಾವುನೋವುಗಳು ಒಳಗೆ ಬಾರದಂತೆ ಕಟ್ಟಿದ ಕೋಟೆಯಲ್ಲ. ಅವು ಬಂದಾಗಲೂ ಮನುಷ್ಯನು ಒಳಗೆ ಮುರಿದು ಬೀಳದಂತೆ ಹಿಡಿಯುವ ಆಸರೆ.

ನಾಳೆಯ ಭಯವನ್ನು ಗೆದ್ದವರ ನಿದರ್ಶನ ಬೇಕಾದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ನೆನೆಯಬೇಕು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳೆಂಬುದು ಪ್ರಸಿದ್ಧವಾದ ಕಥೆ. ಆಕೆಯ ಮನೆಯಲ್ಲಿ ಕಣಜವಿರಲಿಲ್ಲ. ನಾಳೆ ಆ ಅಂಗಳದಲ್ಲಿ ಅಕ್ಕಿ ಬಿದ್ದಿರುವುದೆಂದು ಬರೆದುಕೊಟ್ಟವರೂ ಇರಲಿಲ್ಲ. ಆದರೂ ಆಕೆ ಅಂಜಲಿಲ್ಲ. ಆಕೆಯ ನಂಬುಗೆಯು ಕೈಕಟ್ಟಿ ಕುಳಿತ ನಂಬುಗೆಯೂ ಅಲ್ಲ. ನಾಳೆ ಮತ್ತೆ ಬಾಗಿ ಆಯಲು ಸಿದ್ಧವಾಗಿದ್ದ ಬೆನ್ನು ಅದಕ್ಕೆ ಆಧಾರವಾಗಿತ್ತು. ಕಾಯಕವನ್ನು ಬಿಟ್ಟು ಶಿವನು ಕಾಯುವನೆಂದು ಕೂಡುವುದು ಭಕ್ತಿಯಲ್ಲ, ಸೋಮಾರಿತನ. ವ್ಯಾಧಿ ಬಂದಾಗ ಔಷಧವನ್ನು ಕೊಳ್ಳದೆ ಮಂತ್ರವೊಂದೇ ಸಾಕೆನ್ನುವುದೂ ನಂಬುಗೆಯಲ್ಲ. ವೈದ್ಯನ ಕೈಯಿಂದ ಬಂದುದನ್ನೂ ಪ್ರಸಾದವೆಂದೇ ಕೊಳ್ಳತಕ್ಕುದು.

ಇನ್ನು ಶಿವನು ತನ್ನವರನ್ನು ಕಾಯುವನಾದರೆ ಕಲ್ಯಾಣದಲ್ಲಿ ಆದುದೇನು? ಹರಳಯ್ಯ, ಮಧುವರಸರಿಗಿಂತ ನಿಷ್ಠೆಯುಳ್ಳ ಭಕ್ತರನ್ನು ಎಲ್ಲಿಂದ ತರೋಣ? 12ನೆಯ ಶತಮಾನದ ಆ ವಿಪ್ಲವದಲ್ಲಿ ಅವರಿಗೆ ಘೋರವಾದ ಮರಣದಂಡನೆಯಾಯಿತೆಂದು ನಮ್ಮ ಪರಂಪರೆಯೇ ಹೇಳುತ್ತದೆ. ಅವರ ದೇಹಗಳು ಉಳಿಯಲಿಲ್ಲ. ಉಳಿದುದೇನೆಂದರೆ ಅವರು ಬಾಳಿ ತೋರಿದ ಸತ್ಯ. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರೆಂದು ಕೇಳಿದ್ದೇವೆ. ಆಮೇಲೆ ಶತಮಾನಗಳವರೆಗೆ ಹೆಸರಿಲ್ಲದ ಎಷ್ಟೋ ಮನೆಗಳವರು, ಮಠಗಳವರು ಆ ತಾಡವೋಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿದರು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಆ ಓಲೆಗಳನ್ನು ಕಾದವನು ಶಿವನೇ ಎಂದು ನಾನು ನಂಬುತ್ತೇನೆ. ಆದರೆ ಶಿವನು ಅಲ್ಲಿ ಯಾವ ಪವಾಡವನ್ನೂ ಮಾಡಲಿಲ್ಲ; ಮನುಷ್ಯರ ಕೈಗಳನ್ನೇ ತನ್ನ ಕೈಗಳನ್ನಾಗಿ ಮಾಡಿಕೊಂಡನು. ಅಷ್ಟಾವರಣದಲ್ಲಿ ಜಂಗಮವನ್ನೂ ಸೇರಿಸಿದುದರ ಮರ್ಮವನ್ನು ನಾನು ಇಲ್ಲಿ ಕಂಡೆನು. ರಕ್ಷೆಯು ನಡೆದುಬರುವ ವಸ್ತು. ಅದಕ್ಕೆ ಕಾಲುಗಳು ಬೇಕು.

ಈಗ ಆ ತಾಯಿಯ ಮಾತಿಗೆ ಮರಳುತ್ತೇನೆ. ನಾನು ಶಾಸ್ತ್ರವನ್ನು ಹುಡುಕುತ್ತಿದ್ದ ದಿನಗಳಲ್ಲಿ ಮಠದ ದಾಸೋಹದಲ್ಲಿ ಅಡುಗೆ ಮಾಡುವ ಒಬ್ಬ ಮುದುಕನು, ಯಾರ ಅಪ್ಪಣೆಯೂ ಇಲ್ಲದೆ, ದಿನವೂ ಆಕೆಯ ಮನೆಗೆ ಬುತ್ತಿಯನ್ನು ಒಯ್ಯುತ್ತಿದ್ದನು. ಬಾಗಿಲಲ್ಲಿಟ್ಟು ಬರುತ್ತಿದ್ದನು, ಆಕೆ ಬಾಗಿಲು ತೆರೆದ ದಿನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬರುತ್ತಿದ್ದನು. ಆತನಿಗೆ ಓದುಬರಹ ತಿಳಿಯದು. ತಿಂಗಳುಗಳಾದ ಮೇಲೆ ಆಕೆ ಮಠಕ್ಕೆ ಬಂದಳು. ನನ್ನ ಬಳಿಗೆ ಬಾರದೆ ನೇರವಾಗಿ ಅಡುಗೆಯ ಮನೆಗೆ ಹೋಗಿ, ಮೂಲೆಯಲ್ಲಿ ಕುಳಿತು ಕಾಳು ಹಸನು ಮಾಡತೊಡಗಿದಳು. ಆಕೆಯ ದುಃಖವು ತೀರಿತೆಂದು ನಾನು ಹೇಳಲಾರೆ. ಅಂಥ ದುಃಖವು ತೀರುವುದಲ್ಲ. ಆದರೆ ಆಕೆ ಅದರಲ್ಲಿ ಮುಳುಗಲಿಲ್ಲ. ನಾನು ಕೊಡಲಾರದ ಉತ್ತರವನ್ನು ಆ ಮುದುಕನ ಬುತ್ತಿಯು ಕೊಟ್ಟಿತ್ತು.

ಶರಣಬಂಧುಗಳೇ, ಮಳೆಯು ಬರುವುದೋ ಬಾರದೋ, ಬೆಳೆಯು ಕೈಗೆ ಹತ್ತುವುದೋ ಇಲ್ಲವೋ, ನಾಳೆಯ ಸೂರ್ಯನನ್ನು ನಮ್ಮಲ್ಲಿ ಯಾರು ಕಾಣುವರೋ ಬಲ್ಲವರಿಲ್ಲ. ಬಲ್ಲುದಿಷ್ಟೆ: ಇಂದು ಅಂಗೈಯಲ್ಲಿ ಲಿಂಗವಿದೆ, ಇಂದಿನ ಕಾಯಕವಿದೆ, ನೆರೆಮನೆಯಲ್ಲಿ ನೊಂದವರಿದ್ದಾರೆ. ಶಿವನು ನನ್ನನ್ನು ಕಾಯುವನೇ ಎಂದು ಕೇಳುವ ಬಾಯಿಯೇ, ಶಿವನು ನನ್ನ ಮೂಲಕ ಇಂದು ಯಾರನ್ನು ಕಾಯಬೇಕೆಂದಿದ್ದಾನೆ ಎಂದೂ ಕೇಳಲಿ. ಈ ಮಠದ ಒಲೆಯು ಇಷ್ಟು ವರ್ಷ ಆರದೆ ಉರಿದುಬಂದುದು ಹಾಗೆ ಕೇಳಿಕೊಂಡ ಭಕ್ತರಿಂದಲೇ. ಮುಂದೆಯೂ ಹಾಗೆಯೇ ಉರಿಯಲೆಂದು ಶ್ರೀಗುರುವಿನ ಅಡಿಗಳಲ್ಲಿ ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.