ಗುಲಾಬಿಯ ಹಾದಿ, ಸರಕು ವಿಮಾನದ ಲೆಕ್ಕ



ಕೀನ್ಯಾ ದೇಶದ ನೈವಾಶಾ ಸರೋವರದ ದಂಡೆಯಲ್ಲಿ ಕೊಯ್ದ ಗುಲಾಬಿ ಕೆಲವೇ ದಿನಗಳಲ್ಲಿ ಯುರೋಪಿನ ಹೂದಾನಿಗಳನ್ನು ಸೇರುತ್ತದೆ. ನೈರೋಬಿಗೆ ಬಂದುಹೋಗುವ ಸರಕು ವಿಮಾನ ಸಂಸ್ಥೆಗಳಲ್ಲಿ ಲಕ್ಸೆಂಬರ್ಗಿನ ಕಾರ್ಗೋಲಕ್ಸ್ ಒಂದು. 1970ರಲ್ಲಿ ಆರಂಭವಾದ ಈ ಸಂಸ್ಥೆ ಪ್ರಯಾಣಿಕರನ್ನು ಒಯ್ಯುವುದಿಲ್ಲ. 2011ರಲ್ಲಿ ಜಗತ್ತಿನಲ್ಲೇ ಮೊದಲಿಗೆ ಅದರ ಕೈಸೇರಿದ ಬೋಯಿಂಗ್ 747-8 ಸರಕು ವಿಮಾನವು ಸುಮಾರು 130 ಟನ್ ಹೊರಬಲ್ಲದು. ವಿಮಾನದ ಮೂಗೇ ಬಾಗಿಲಾಗಿ ಮೇಲಕ್ಕೆ ತೆರೆದುಕೊಳ್ಳುವುದರಿಂದ ಉದ್ದನೆಯ ಯಂತ್ರಭಾಗಗಳೂ ಒಳಸೇರುತ್ತವೆ.

ಹೂ ಬೆಳೆದವನು ಇಂಥ ಸಂಸ್ಥೆಯೊಡನೆ ನೇರವಾಗಿ ವ್ಯವಹರಿಸುವುದು ವಿರಳ. ಫಾರ್ವರ್ಡರ್ ಎಂಬ ಮಧ್ಯವರ್ತಿಯು ವಿಮಾನದಲ್ಲಿ ಸ್ಥಳವನ್ನು ಮುಂಗಡವಾಗಿ ಕೊಂಡು, ಹಲವರ ಸರಕನ್ನು ಒಟ್ಟುಗೂಡಿಸಿ ಕಳುಹಿಸುತ್ತಾನೆ. ಬಾಡಿಗೆಯ ಲೆಕ್ಕವೂ ವಿಚಿತ್ರವೇ. 6000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಗಾತ್ರದಿಂದ ತೂಕವನ್ನು ಎಣಿಸಿ, ನಿಜವಾದ ತೂಕದೊಡನೆ ಹೋಲಿಸಿ, ಹೆಚ್ಚಿನದಕ್ಕೆ ಹಣ ಪಡೆಯುತ್ತಾರೆ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ 15 ಕಿಲೋ ಹೂವಿದ್ದರೂ ಬಾಡಿಗೆ 33 ಕಿಲೋಗೆ! ಹಗುರವಾದ ಹೂವಿಗೆ ಅದರ ಹಗುರತನವೇ ದಂಡ.

ಇನ್ನು ಮರಳುವ ದಾರಿಯ ಚಿಂತೆ. ಹೋದ ಪ್ರಯಾಣಿಕನು ಸಾಮಾನ್ಯವಾಗಿ ಹಿಂದಿರುಗುತ್ತಾನೆ. ಹೋದ ಸರಕು ಹಿಂದಿರುಗುವುದಿಲ್ಲ. ಘಟ್ಟ ಇಳಿದು ಮಂಗಳೂರಿಗೆ ಅಡಿಕೆ ಮುಟ್ಟಿಸಿದ ಲಾರಿಯು ಮರಳುವಾಗ ಗೊಬ್ಬರವನ್ನೋ ಸಿಮೆಂಟನ್ನೋ ಹುಡುಕುವಂತೆ, ಸರಕು ವಿಮಾನವೂ ಹಲವು ನಗರಗಳನ್ನು ಸುತ್ತಿ, ಇಡೀ ಸುತ್ತಿನ ಗಳಿಕೆಯಲ್ಲಿ ಇಂಧನದ ವೆಚ್ಚವನ್ನು ತುಂಬಿಕೊಳ್ಳಬೇಕು. ಹೀಗಾಗಿ ನೈವಾಶಾದ ಹೂವಿನ ಬಾಡಿಗೆಯು ದಕ್ಷಿಣಕ್ಕೆ ಬರುವಾಗ ವಿಮಾನದಲ್ಲಿ ಎಷ್ಟು ಸರಕಿತ್ತೆಂಬುದನ್ನೂ ಅವಲಂಬಿಸಿರುತ್ತದೆ. ಬೆಳೆಗಾರನಿಗೆ ಇದು ಕಾಣದ ಲೆಕ್ಕ.

ಕಂಡದ್ದು 2010ರ ಏಪ್ರಿಲಿನಲ್ಲಿ. ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದಾಗಿ ಯುರೋಪಿನ ಬಹುಭಾಗದಲ್ಲಿ ಸುಮಾರು ಆರು ದಿನ ವಿಮಾನ ಹಾರಾಟ ನಿಂತಿತು. ಕೀನ್ಯಾದಲ್ಲಿ ಮಳೆ ಕೆಟ್ಟಿರಲಿಲ್ಲ, ಬೆಳೆಗೆ ರೋಗವಿರಲಿಲ್ಲ. ಆದರೂ ಟನ್‌ಗಟ್ಟಲೆ ಹೂವು ತಿಪ್ಪೆ ಸೇರಿತು, ಸಾವಿರಾರು ಕಾರ್ಮಿಕರು ಕೆಲಸವಿಲ್ಲದೆ ಕುಳಿತರು. 2020ರಲ್ಲಿ ಕೊರೋನಾದಿಂದ ಪ್ರಯಾಣಿಕ ವಿಮಾನಗಳು ನೆಲ ಹಿಡಿದಾಗ ಅವುಗಳ ಹೊಟ್ಟೆಯಲ್ಲಿ ಸಾಗುತ್ತಿದ್ದ ಸರಕಿಗೂ ಎಡೆಯಿಲ್ಲದೆ ಬಾಡಿಗೆ ಗಗನಕ್ಕೇರಿತು. ಸರಕು ಸಂಸ್ಥೆಗಳಿಗೆ ಅದು ಸುಗ್ಗಿಯ ಕಾಲ.

ಟನ್ನೊಂದನ್ನು ಅಷ್ಟೇ ದೂರ ಒಯ್ಯಲು ವಿಮಾನವು ಹಡಗಿಗಿಂತ ಹತ್ತಾರು ಪಟ್ಟು ಇಂಗಾಲವನ್ನು ಉಗುಳುತ್ತದೆ. ಹಾಗೆಂದು ತೀರ್ಪು ಸುಲಭವಲ್ಲ: ಹಾಲೆಂಡಿನ ಬಿಸಿಮಾಡಿದ ಗಾಜಿನಮನೆಯ ಗುಲಾಬಿಗಿಂತ, ವಿಮಾನವೇರಿ ಬಂದ ಕೀನ್ಯಾದ ಗುಲಾಬಿಯ ಇಂಗಾಲದ ಹೊರೆ ಕಡಿಮೆಯೆಂದು 2007ರಲ್ಲಿ ಬ್ರಿಟನ್ನಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಲೆಕ್ಕಹಾಕಿತ್ತು. ಆ ಅಧ್ಯಯನ ಮಾಡಿಸಿದ್ದು ಹೂವಿನ ವ್ಯಾಪಾರಿ ಸಂಸ್ಥೆಯೇ ಎಂಬುದನ್ನೂ ಮರೆಯಬಾರದು. ಈಚಿನ ವರ್ಷಗಳಲ್ಲಿ ಒಂದಷ್ಟು ಗುಲಾಬಿ ಮೊಂಬಾಸಾ ಬಂದರಿನಿಂದ ಶೀತಲ ಕಂಟೇನರುಗಳಲ್ಲಿ ಸುಮಾರು ಒಂದು ತಿಂಗಳು ಪಯಣಿಸತೊಡಗಿತ್ತು. ಆದರೆ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾಗಿ, ಅವು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಸಾಗಬೇಕಾದಾಗ, ಅಷ್ಟು ದಿನ ಬಾಡದೆ ಉಳಿಯಲಾರದ ಹೂವಿಗೆ ಮತ್ತೆ ವಿಮಾನವೇ ಗತಿಯಾಯಿತು.