ತುತ್ತೂರಿಯ ತೂಕವೂ ನಾದವೂ

ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ದಿನಗಳ ಹಿಂದೆ ಮನೆಗೆ ಬಂದಿದ್ದನು. ವಾದ್ಯದ ಮೂರು ವಾಲ್ವುಗಳ ತಳದಲ್ಲಿರುವ ತೆಳುವಾದ ಮುಚ್ಚಳಗಳನ್ನು ತೆಗೆದು, ದಪ್ಪ ಹಿತ್ತಾಳೆಯ ಮುಚ್ಚಳಗಳನ್ನು ಕೂರಿಸಿದರೆ ನಾದವು ಗಂಭೀರವಾಗುವುದೆಂದು ಯಾರೋ ಅವನಿಗೆ ಹೇಳಿದ್ದರಂತೆ. ಅವುಗಳ ಬೆಲೆ ಅವನ ಒಂದು ತಿಂಗಳ ಸಂಪಾದನೆ. “ಕೊಳ್ಳಬಹುದೆ, ಮೇಷ್ಟ್ರೆ?” ಎಂದು ಕೇಳಿದನು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾನು ಕೂಡಲೆ ಉತ್ತರ ಹೇಳಲಾರದೆ ಹೋದೆನು. ಆ ಪ್ರಶ್ನೆಯನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

ತೂಕವನ್ನು ಕೂಡಿಸಿ ನಾದವನ್ನು ತಿದ್ದುವುದು ನಮಗೆ ಹೊಸದಲ್ಲ. ಕಚೇರಿಗೆ ಮುಂಚೆ ಮೃದಂಗದ ವಿದ್ವಾಂಸರು ಎಡಮುಖಕ್ಕೆ ಕಲಸಿದ ರವೆಯನ್ನು ಹಚ್ಚುವುದನ್ನು ತಾವೆಲ್ಲರೂ ಕಂಡಿರಬಹುದು. ತೊಗಲಿನ ಭಾರ ಹೆಚ್ಚಿದೊಡನೆ ಕಂಪನವು ನಿಧಾನವಾಗಿ ಸ್ವರ ಇಳಿಯುವುದು. ಬಲಮುಖದ ಕರಣೆಯ ಭಾರವು ಉಪಸ್ವರಗಳನ್ನು ಶ್ರುತಿಗೆ ಹೊಂದಿಸುವ ಬಗೆಯನ್ನು ಸರ್ ಸಿ. ವಿ. ರಾಮನ್ನರು 1934ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವಿವರಿಸಿದರು.

ಈ ನ್ಯಾಯವು ತುತ್ತೂರಿಗೂ ಸಲ್ಲುವುದೆ? ಹಾಗೆಯೇ ಸಲ್ಲದು. ಮೃದಂಗದಲ್ಲಿ ನುಡಿಯುವುದು ತೊಗಲು. ತುತ್ತೂರಿಯಲ್ಲಿ ನುಡಿಯುವುದು ಹಿತ್ತಾಳೆಯಲ್ಲ, ಅದರೊಳಗಿನ ಗಾಳಿ. ಊದುವವನ ತುಟಿಗಳು ಸೆಕೆಂಡಿಗೆ ನೂರಾರು ಬಾರಿ ತೆರೆದು ಮುಚ್ಚುತ್ತ, ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆಯೊಳಗೆ ಅಲೆಗಳನ್ನೆಬ್ಬಿಸುವುವು. ಅಲೆಯ ಬಹುಭಾಗವು ಅರಳಿದ ಬಾಯಿಂದ ಹಿಂದಿರುಗಿ ಬಂದು, ತುಟಿಗಳ ಕಂಪನಕ್ಕೆ ತಾನೇ ಆಧಾರವಾಗುವುದು. ಕೊಳವೆಯ ಉದ್ದವೂ ಆಕಾರವೂ ಇಲ್ಲಿ ಮುಖ್ಯ. ಲೋಹದ ಗೋಡೆಯಾದರೋ ಒಳಗಿನ ಒತ್ತಡಕ್ಕೆ ತುಸು ನಡುಗುವುದಷ್ಟೆ.

ಆ ನಡುಕಕ್ಕೆ ಬೆಲೆಯುಂಟೆ ಎಂಬುದೇ ವಿವಾದ. ಅಮೆರಿಕದ ಡೇಟನ್ ಮಿಲ್ಲರ್ 1909ರಲ್ಲಿ, ತೆಳುವಾದ ಸತುವಿನ ಇಬ್ಬದಿಯ ಗೋಡೆಗಳುಳ್ಳ ಆರ್ಗನ್ ಕೊಳವೆಯೊಂದನ್ನು ನುಡಿಸುತ್ತ, ಗೋಡೆಗಳ ನಡುವೆ ನೀರು ತುಂಬಿಸಿ ನೋಡಿದರು. ನೀರು ಏರಿದಂತೆ ನಾದವು ಮಾರ್ಪಟ್ಟಿತು. ಆದರೆ ದುಂಡನೆಯ ಕೊಳವೆಯು ಚಪ್ಪಟೆ ಗೋಡೆಗಿಂತ ಬಹಳ ಬಿಗಿ. ಅಷ್ಟು ಸುಲಭವಾಗಿ ನಡುಗದು. 1980ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಸ್ಮಿತ್ ಟ್ರೊಂಬೋನಿಗೆ ಬೇರೆ ಬೇರೆ ದಪ್ಪದ ಬಾಯಿಗಳನ್ನು ಜೋಡಿಸಿ ನುರಿತ ವಾದಕರ ಕೈಗೆ ಕೊಟ್ಟರು. ಯಾವುದು ಯಾವುದೆಂದು ಕಾಣದಂತೆ ಮಾಡಿದಾಗ ಭೇದವನ್ನು ಗುರುತಿಸುವುದು ಅವರಿಂದಾಗಲಿಲ್ಲ. ಇದಕ್ಕೆ ಪ್ರತಿಯಾಗಿ, 2005ರಲ್ಲಿ ಫ್ಲಾರಿಡದ ಥಾಮಸ್ ಮೂರ್ ಮತ್ತು ಸಂಗಡಿಗರು ಟ್ರಂಪೆಟ್ಟಿನ ಬಾಯಿಯ ಸುತ್ತ ಮರಳಿನ ಚೀಲಗಳನ್ನೊತ್ತಿ, ಕೃತಕ ತುಟಿಗಳಿಂದ ನುಡಿಸಿದಾಗ ಉಪಸ್ವರಗಳ ಬಲದಲ್ಲಿ ವ್ಯತ್ಯಾಸವನ್ನು ಅಳೆದರು. ಭೇದವು ಸಣ್ಣದು, ಆದರೆ ಶೂನ್ಯವಲ್ಲ.

ವಾದಕರ ಅನುಭವವನ್ನೂ ತಳ್ಳಿಹಾಕಲಾಗದು. ಅಮೆರಿಕದ ಡೇವಿಡ್ ಮೊನೆಟ್ ಬಲು ಭಾರವಾದ ಟ್ರಂಪೆಟ್ಟುಗಳನ್ನು ಮಾಡಿ ಹೆಸರಾದರು. ಅವುಗಳಲ್ಲೊಂದರ ಹೆಸರು ‘ರಾಜ’. ವಿಂಟನ್ ಮಾರ್ಸಾಲಿಸ್ ಅಂಥ ವಾದಕರು ಅವರ ವಾದ್ಯವನ್ನು ನುಡಿಸಿದರು. ತೂಕ ಕೂಡಿದರೆ ಸ್ವರವು ನೆಲೆಯಲ್ಲಿ ಭದ್ರವಾಗಿ ನಿಲ್ಲುವುದೆಂದು ಹಲವರು ಹೇಳುವರು. ಮೆಲ್ಲಗೆ ಊದುವಾಗ ವಾದ್ಯವು ತಡವಾಗಿ ಓಗೊಡುವುದೆಂದು ಕೆಲವರ ದೂರು. ವಾದಕನಿಗೆ ನಾದವು ಕಿವಿಯಿಂದ ಮಾತ್ರ ತಿಳಿಯುವುದಿಲ್ಲ. ತುಟಿ, ಹಲ್ಲು, ಬೆರಳುಗಳಿಗೂ ಲೋಹದ ನಡುಕ ಮುಟ್ಟುವುದು. ಸಭೆಗೆ ಈ ಸುದ್ದಿ ತಲಪದು.

ಆದುದರಿಂದ ನನ್ನ ವಿದ್ಯಾರ್ಥಿಗೆ, ಹಣ ಚೆಲ್ಲುವ ಮುನ್ನ ಹಳೆಯ ಮುಚ್ಚಳಗಳಿಗೆ ಮೇಣದ ಉಂಡೆಗಳನ್ನು ಮೆತ್ತಿ ಪರೀಕ್ಷಿಸೆಂದೆನು. ಅವನು ಪಕ್ಕದ ಕೋಣೆಯಲ್ಲಿ, ಮೇಣವಿಟ್ಟೂ ಇಡದೆಯೂ, ಒಂದೇ ಸ್ವರಮಾಲೆಯನ್ನು ಹತ್ತು ಬಾರಿ ಊದಿದನು. ಕದದ ಈಚೆ ಕುಳಿತು ನಾನೂ ನನ್ನ ಮನೆಯವರೂ ಬರೆದಿಟ್ಟ ಊಹೆಗಳು ಒಂದಕ್ಕೊಂದು ಹೊಂದಲಿಲ್ಲ, ಸತ್ಯಕ್ಕೂ ಹೊಂದಲಿಲ್ಲ.

ಅವನು ಹೊರಗೆ ಬಂದು, “ತಮಗೆ ತಿಳಿಯದಿರಬಹುದು, ಮೇಷ್ಟ್ರೆ. ಭಾರವಿದ್ದಾಗ ಮೇಲಿನ ಸ್ವರಕ್ಕೆ ಹೋಗಲು ನನಗೆ ಭಯವಾಗಲಿಲ್ಲ,” ಎಂದನು. ನಾನು ನಗಲಿಲ್ಲ. ಭಯವಿಲ್ಲದೆ ಊದಿದವನ ನಾದವು ಚೆನ್ನಾಗಿದ್ದರೆ, ಆ ಗುಣವು ಹಿತ್ತಾಳೆಯದೋ ಧೈರ್ಯದ್ದೋ ಎಂದು ನನ್ನ ತಕ್ಕಡಿ ಹೇಳಲಾರದು. ಆದರೆ ಒಂದು ತಿಂಗಳ ಅನ್ನವನ್ನು ಮುಚ್ಚಳಕ್ಕೆ ಸುರಿಯುವ ಮೊದಲು, ಆ ಧೈರ್ಯವು ಒಂದು ಉಂಡೆ ಮೇಣಕ್ಕೂ ದೊರೆಯುವುದೆಂದು ತಿಳಿದುದು ಲೇಸಾಯಿತು. ಅವನು ಮೇಣವನ್ನೇ ಇಟ್ಟುಕೊಂಡು ಹೋದನು.