ಗಂಟು ಹಾಗೇ ಇರಲಿ, ಮಕ್ಕಳು ಓದಲಿ
(ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸ)



ಮೊದಲು ನಮ್ಮ ಮನೆಯ ಮಾತು ಹೇಳ್ತೀನಿ. ನಾನು ಪಿಯುಸಿಗೆ ಸೇರುವಾಗ ಫೀಸಿಗೆ ದುಡ್ಡಿರಲಿಲ್ಲ. ಅಪ್ಪ ಹಾಲು ಕರೆಯುವ ಹಸುವನ್ನೇ ಮಾರಿದರು. ನನ್ನ ಫೀಸೇನೋ ಕಟ್ಟಿದ್ದಾಯಿತು. ಎರಡು ವರ್ಷದ ಮೇಲೆ ತಂಗಿಯ ಸರದಿ ಬಂದಾಗ ಕೊಟ್ಟಿಗೆ ಬರಿದಾಗಿತ್ತು. ಅವಳ ಓದು ಹತ್ತನೇ ತರಗತಿಗೇ ನಿಂತಿತು.

ಇಂಥದೇ ತಪ್ಪನ್ನು ಸರ್ಕಾರವೂ ಮಾಡಿತ್ತು. ನಮ್ಮ ಅರಸೀಕೆರೆ ಸೀಮೆಯಲ್ಲಿ ಅಮೃತಮಹಲ್ ಕಾವಲುಗಳಿವೆಯಲ್ಲ, ಅವು ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಈ ವ್ಯವಸ್ಥೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟರು. ಒಳ್ಳೆ ಎತ್ತು ಸಿಗದೆ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮಾರುವುದು ಸುಲಭ, ತಳಿಯನ್ನು ಮತ್ತೆ ಕೂಡಿಸುವುದು ಕಷ್ಟ. ಇಂದಿಗೂ ಆ ತಳಿ ಉಳಿದಿದ್ದರೆ ಅದು ಅಜ್ಜಂಪುರದಂಥ ಸಂವರ್ಧನಾ ಕೇಂದ್ರಗಳಿಂದ ಮತ್ತು ಹಟ ಬಿಡದ ರೈತರಿಂದ.

ವಿದ್ಯಾರ್ಥಿವೇತನದ ದತ್ತಿನಿಧಿಯೂ ಹೀಗೇ. ಅಸಲು ಎಂದರೆ ಹಸು, ಬಡ್ಡಿ ಎಂದರೆ ಹಾಲು. ಹಾಲು ಹಂಚಬೇಕು, ಹಸು ಮಾರಬಾರದು. ಒಬ್ಬ ಹಿರಿಯರು ದನ ಸಾಕಿ ಉಳಿಸಿದ 50,000 ರೂಪಾಯಿಯನ್ನು ಠೇವಣಿ ಇಟ್ಟರು ಅನ್ನಿ. ನೂರಕ್ಕೆ 6ರಂತೆ ವರ್ಷಕ್ಕೆ 3,000 ಬರುತ್ತದೆ. ಅದರಲ್ಲಿ 300 ಅಸಲಿಗೇ ಸೇರಿಸಿ, 2,700 ಒಂದು ಮಗುವಿಗೆ ಕೊಡಿ. ಅವರು ಕಣ್ಮುಚ್ಚಿದ ಮೇಲೂ ವರ್ಷ ವರ್ಷ ಒಂದು ಮಗು ಪುಸ್ತಕ ಕೊಳ್ಳುತ್ತದೆ.

‘ಅಷ್ಟು ದುಡ್ಡು ಎಲ್ಲಿಂದ ತರೋದು ಸ್ವಾಮಿ?’ ಅಂತ ಕೇಳಬಹುದು. ಒಬ್ಬರಿಂದ ಆಗದಿದ್ದರೆ ಸಂಘದ ಹತ್ತು ಮನೆಯವರು ಸೇರಿ. ಡೈರಿ ಬಟವಾಡೆಯಲ್ಲಿ ಸ್ವಲ್ಪ ಎತ್ತಿಡಿ. ಹುಟ್ಟಿದ ಒಂದು ಹೆಣ್ಣುಕರುವನ್ನು ಮಕ್ಕಳ ಓದಿಗೆಂದೇ ಬೆಳೆಸಿ.

ಕೊಡಬೇಕೆಂಬ ಹಿರಿಯರು ಬಾಯಿಮಾತಿಗೆ ಬಿಡಬೇಡಿ, ಬರೆದಿಡಿ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ನಿಮ್ಮ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಯಾರು ಆರಿಸಬೇಕು, ಯಾವ ಮಗುವಿಗೆ ಕೊಡಬೇಕು, ಖಾತೆಗೆ ಯಾರಿಬ್ಬರ ಸಹಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಸಾಲನ್ನು ಮರೆಯಬೇಡಿ.

2021ರಲ್ಲಿ ರಾಜ್ಯ ಸರ್ಕಾರ ರೈತ ವಿದ್ಯಾನಿಧಿ ಆರಂಭಿಸಿದಾಗ ಪಿಯುಸಿ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಎಂದು ನಿಗದಿ ಮಾಡಿತು. ನಮ್ಮ ಹತ್ತು ಮನೆಯ ನಿಧಿಯೂ ಹೆಚ್ಚುಕಡಿಮೆ ಅಷ್ಟನ್ನು ಕೊಡಬಲ್ಲದು ನೋಡಿ.

ವಿದ್ಯಾರ್ಥಿಗಳೇ, ನೀವು ಪಡೆಯುವ ಹಣದ ಹಿಂದೆ ಯಾರೋ ಬೆಳಗಿನ ಜಾವ ಎದ್ದು ಸಗಣಿ ಬಾಚಿದ ಶ್ರಮವಿದೆ. ಓದಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಂಬಳದಲ್ಲಿ ಒಂದಿಷ್ಟನ್ನು ಅದೇ ನಿಧಿಗೆ ಹಾಕಿ.

ನನ್ನ ತಂಗಿಗೆ ಈಗ ಓದುವ ವಯಸ್ಸಲ್ಲ. ಅವಳ ಮಗಳು ಈ ವರ್ಷ ಪಿಯುಸಿ ಸೇರಿದ್ದಾಳೆ. ಅವರ ಮನೆಯ ಹಸು ಕೊಟ್ಟಿಗೆಯಲ್ಲೇ ಇದೆ.